ಎರಡು ಬಸಿರು, ಎರಡು ಬಗೆಯ ಕಥೆ

1953ರ ಜನವರಿ 19, ಸೋಮವಾರ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಅಂದು ನಟಿ ಲೂಸಿಲ್ ಬಾಲ್ ಗಂಡುಮಗು ಹೆತ್ತರು. ಅದೇ ರಾತ್ರಿ ಟಿವಿಯಲ್ಲಿ, ಅವರೇ ಆಡುತ್ತಿದ್ದ ಲೂಸಿ ರಿಕಾರ್ಡೊ ಎಂಬ ತರಲೆ ಗೃಹಿಣಿಯೂ ಗಂಡುಮಗು ಹೆತ್ತಳು! ಒಂದೇ ದಿನ, ಒಬ್ಬಳೇ ತಾಯಿ, ಎರಡು ಹೆರಿಗೆ. ಇನ್ನೂ ಸೋಜಿಗದ ಸಂಗತಿ ಕೇಳಿ: ಟಿವಿಯ ಆ ಕಂತನ್ನು ಚಿತ್ರೀಕರಿಸಿ ಡಬ್ಬಿಯಲ್ಲಿಟ್ಟದ್ದು ಎರಡು ತಿಂಗಳ ಹಿಂದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ತೋರಿಸುವ ಸ್ಕ್ಯಾನಿಂಗ್ ಯಂತ್ರ ಆಗೆಲ್ಲಿತ್ತು? ಕಥೆಯಲ್ಲಿ ಗಂಡುಮಗುವೇ ಇರಲಿ ಎಂದು ಬರಹಗಾರರು ತೀರ್ಮಾನಿಸಿಬಿಟ್ಟಿದ್ದರು. ಹುಟ್ಟಿದ್ದೂ ಗಂಡೇ.

ಸಿಬಿಎಸ್ ವಾಹಿನಿಯ ‘ಐ ಲವ್ ಲೂಸಿ’ಯ ಆ ಕಂತನ್ನು ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರಲ್ಲ, ಅದನ್ನು ಟಿವಿಯಲ್ಲಿ ನೋಡಿದವರ ಸಂಖ್ಯೆ ಇದಕ್ಕಿಂತ ಎಷ್ಟೋ ಕಡಿಮೆ! ಬಸುರಿ ಎಂಬ ಮಾತನ್ನೇ ಟಿವಿಯಲ್ಲಿ ಆಡಬಾರದೆಂದಿದ್ದ ಕಾಲ ಅದು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಬೋಧಕ, ಒಬ್ಬ ಯೆಹೂದಿ ರಬ್ಬಿ, ಮೂವರೂ ಚಿತ್ರಕಥೆ ಓದಿ ಒಪ್ಪಿದ ಮೇಲೆಯೇ ಲೂಸಿಯ ಬಸಿರು ಪರದೆಗೆ ಬಂದದ್ದು.

ಇದಾಗಿ 41 ವರ್ಷಕ್ಕೆ, 1994ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ ‘ದಿ ಎಕ್ಸ್-ಫೈಲ್ಸ್’ ಎಂಬ ಸರಣಿಯ ಸೆಟ್‌ನಲ್ಲಿ ಇನ್ನೊಬ್ಬ ನಟಿ ಬಸುರಿಯಾದರು: ಗಿಲಿಯನ್ ಆಂಡರ್ಸನ್. ಈ ಎರಡು ಬಸಿರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ. ಮೊದಲನೆಯದು ಟಿವಿ ಕಥೆಗೆ ಪ್ರತಿ ವಾರ ಎಲ್ಲವನ್ನೂ ಮರೆಯುವುದನ್ನು ಕಲಿಸಿತು. ಎರಡನೆಯದು ಎಲ್ಲವನ್ನೂ ನೆನಪಿಟ್ಟುಕೊಳ್ಳುವುದನ್ನು ಕಲಿಸಿತು. ಕಥೆಯ ಆಕಾರ ಬರಹಗಾರನ ಮೇಜಿನ ಮೇಲೆ ಹುಟ್ಟುತ್ತದೆಂದು ನಂಬಿಕೊಂಡವರಿಗೆ ಇದಕ್ಕಿಂತ ದೊಡ್ಡ ಬೆರಗು ಬೇಕೇ?

ಎರಡು ಬಗೆಗಳೆಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಒಂದು ಬಿಡಿಕಂತಿನ ಕಥೆ. ಈ ವಾರ ಒಂದು ಕೊಲೆ, ಒಂದು ರೋಗ, ಒಂದು ಫಜೀತಿ. ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ಅದು ಪರಿಹಾರವಾಗುತ್ತದೆ. ಮುಂದಿನ ವಾರ ಅದೇ ಜನ ಸ್ಲೇಟು ಒರೆಸಿದಷ್ಟು ಹಗುರಾಗಿ ಮತ್ತೆ ಬರುತ್ತಾರೆ. ಇನ್ನೊಂದು ಧಾರಾವಾಹಿ. ಹೋದ ವಾರ ಬಿದ್ದ ಪೆಟ್ಟು ಈ ವಾರವೂ ನೋಯುತ್ತದೆ, ಆಡಿದ ಮಾತು ಮೂರು ವರ್ಷದ ನಂತರ ತಿರುಗಿ ಬಂದು ನಿಲ್ಲುತ್ತದೆ. ಹಾಗಾದರೆ ಅಮೆರಿಕದ ಟಿವಿ ದಶಕಗಟ್ಟಲೆ ರಾತ್ರಿಯ ಹೊತ್ತಿನಲ್ಲಿ ಯಾಕೆ ಮೊದಲನೆಯ ಬಗೆಗೇ ಅಂಟಿಕೊಂಡಿತ್ತು? ಉತ್ತರ ಲೂಸಿಯ ಬಾಣಂತನದಲ್ಲಿದೆ!

1951ರಲ್ಲಿ ಹೆಚ್ಚಿನ ಟಿವಿ ಕಾರ್ಯಕ್ರಮಗಳು ನ್ಯೂಯಾರ್ಕ್‌ನಿಂದ ನೇರಪ್ರಸಾರವಾಗುತ್ತಿದ್ದವು. ದೇಶದ ಇನ್ನೊಂದು ತುದಿಗೆ ಹೋಗುತ್ತಿದ್ದದ್ದು ಟಿವಿ ಪರದೆಯ ಎದುರಿಗೇ ಫಿಲ್ಮ್ ಕ್ಯಾಮೆರಾ ಇಟ್ಟು ಹಿಡಿದ ಮಸುಕು ಪ್ರತಿ. ಆಡಿದ ನಾಟಕ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಲೂಸಿಲ್ ಬಾಲ್ ಮತ್ತು ಅವರ ಗಂಡ ಡೆಸಿ ಆರ್ನಾಜ್ ಹಾಲಿವುಡ್ ಬಿಟ್ಟು ನ್ಯೂಯಾರ್ಕ್‌ಗೆ ಹೋಗಲು ಒಪ್ಪಲಿಲ್ಲ. ಒಳ್ಳೆಯ 35 ಎಂಎಂ ಫಿಲ್ಮ್‌ನಲ್ಲೇ ಚಿತ್ರೀಕರಿಸಿ ಕಳಿಸುತ್ತೇವೆ ಎಂದರು. ಖರ್ಚು ಹೆಚ್ಚಾಯಿತು. ಆ ಹೆಚ್ಚುವರಿಗಾಗಿ ತಮ್ಮ ಸಂಬಳ ಕಡಿಮೆ ಮಾಡಿಕೊಂಡರು. ಬದಲಿಗೆ ಫಿಲ್ಮ್‌ಗಳ ಒಡೆತನ ತಮ್ಮ ಡೆಸಿಲು ಕಂಪನಿಗೇ ಇರಲಿ ಎಂದು ಕೇಳಿ ಪಡೆದರು. ಕ್ಯಾಮೆರಾದ ಹೊಣೆ ಹೊತ್ತವರು ಯಾರು ಗೊತ್ತೆ? ಜರ್ಮನಿಯ ಮೂಕಿಚಿತ್ರ ‘ಮೆಟ್ರೊಪೊಲಿಸ್’ಗೆ ಛಾಯಾಗ್ರಹಣ ಮಾಡಿದ ಕಾರ್ಲ್ ಫ್ರಾಯ್ಂಡ್! ಎದುರಿಗೆ ಪ್ರೇಕ್ಷಕರನ್ನು ಕೂರಿಸಿ, ಮೂರು ಫಿಲ್ಮ್ ಕ್ಯಾಮೆರಾ ಒಟ್ಟಿಗೆ ಓಡಿಸಿ, ಅವರ ನಗುವಿನ ಸಮೇತ ಹಿಡಿದಿಡುವ ಏರ್ಪಾಟನ್ನು ಅವರು ಅಲ್ಲಿ ಪಳಗಿಸಿದರು.

ಎರಡನೆಯ ವರ್ಷ ಲೂಸಿಲ್ ಬಸುರಿ. ಬಾಣಂತಿಗೆ ವಿಶ್ರಾಂತಿ ಬೇಕು, ವಾಹಿನಿಗೆ ವಾರ ತಪ್ಪದೆ ಕಂತು ಬೇಕು. ಆಗ ಹೊಳೆದ ಉಪಾಯ ಎಷ್ಟು ಸರಳ ನೋಡಿ: ಹೋದ ವರ್ಷದ ಕಂತುಗಳನ್ನೇ ಇನ್ನೊಮ್ಮೆ ಹಾಕಿಬಿಡೋಣ. ಜನ ಬೈಯಬಹುದೆಂಬ ಅಳುಕಿತ್ತು. ಜನ ಮತ್ತೆ ಕೂತು, ಮತ್ತೆ ನಕ್ಕರು! ಮರುಪ್ರಸಾರ ಎಂಬುದೊಂದು ವ್ಯಾಪಾರವಾಗಬಲ್ಲದು ಎಂದು ಟಿವಿ ಉದ್ಯಮದ ಕಣ್ಣು ತೆರೆದದ್ದು ಅಲ್ಲಿಂದ. ಗಾಳಿಯಲ್ಲಿ ಕರಗಿಹೋಗುತ್ತಿದ್ದದ್ದು ಈಗ ಡಬ್ಬಿಯಲ್ಲಿ ಕೂತ ಆಸ್ತಿ. ಕೆಲವೇ ವರ್ಷಗಳಲ್ಲಿ ಸಿಬಿಎಸ್ ಆ ಡಬ್ಬಿಗಳ ಹಕ್ಕನ್ನು ಲಕ್ಷಾಂತರ ಡಾಲರ್ ಕೊಟ್ಟು ಡೆಸಿಲುವಿನಿಂದ ಕೊಳ್ಳಬೇಕಾಯಿತು. 1957ರಲ್ಲಿ ಡೆಸಿಲು ಆರ್‌ಕೆಒ ಸ್ಟುಡಿಯೊವನ್ನೇ ಕೊಂಡಿತು. ಒಂದು ಕಾಲಕ್ಕೆ ಲೂಸಿಲ್ ಬಾಲ್ ಸಂಬಳಕ್ಕೆ ದುಡಿಯುತ್ತಿದ್ದ ಸ್ಟುಡಿಯೊ ಅದು!

ಈಗ ಈ ಡಬ್ಬಿಗಳು ಕಥೆಯನ್ನು ಏನು ಮಾಡಿದವೆಂದು ನೋಡಿ. ಊರೂರಿನ ಸಣ್ಣ ಟಿವಿ ಕೇಂದ್ರಗಳು ಹಳೆಯ ಕಂತುಗಳನ್ನು ಕೊಂಡು ಮಧ್ಯಾಹ್ನವೋ ಸಂಜೆಯೋ ದಿನಾ ಒಂದರಂತೆ ಹಾಕತೊಡಗಿದವು. ಸುಮಾರು 100 ಕಂತು ಕೂಡಿದರೆ ಸರಣಿಗೆ ಒಳ್ಳೆಯ ಬೆಲೆ ಎಂಬುದೊಂದು ಲೆಕ್ಕಾಚಾರವೇ ಬೆಳೆಯಿತು. ಯಾವ ಕಂತು ಯಾವುದರ ನಂತರ ಬಂದೀತೆಂಬ ಖಾತ್ರಿಯಿಲ್ಲ. ಶಾಲೆ ಮುಗಿಸಿ ಬಂದ ಹುಡುಗ 40ನೆಯ ಕಂತನ್ನು ಮೊದಲು ನೋಡಬಹುದು, 3ನೆಯದನ್ನು ಆಮೇಲೆ. ಹಾಗಿದ್ದಾಗ ನಾಯಕ ಮದುವೆಯಾಗುವಂತಿಲ್ಲ, ಊರು ಬಿಡುವಂತಿಲ್ಲ, ದುಃಖವನ್ನು ಮುಂದಿನ ವಾರಕ್ಕೆ ಹೊತ್ತೊಯ್ಯುವಂತಿಲ್ಲ. ಕಂತಿನ ಕೊನೆಗೆ ಎಲ್ಲವೂ ಮೊದಲಿದ್ದ ಜಾಗಕ್ಕೆ ಬಂದು ಕೂರಬೇಕು. ಒಬ್ಬ ತಾಯಿಯ ವಿಶ್ರಾಂತಿಗೆಂದು ಮಾಡಿದ ಏರ್ಪಾಟು ಒಂದು ದೇಶದ ಕಥನಕಲೆಗೇ ಮರೆವನ್ನು ಕಡ್ಡಾಯ ಮಾಡಿತು!

ಇದನ್ನು ಬರೀ ನಷ್ಟವೆಂದು ಮೂಗು ಮುರಿಯುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಯಾಕೆಂದರೆ 1966ರಲ್ಲಿ ಇದೇ ಡೆಸಿಲು, ಆಗ ಅದರ ಚುಕ್ಕಾಣಿ ಲೂಸಿಲ್ ಬಾಲ್ ಒಬ್ಬರದೇ ಕೈಯಲ್ಲಿ, ‘ಸ್ಟಾರ್ ಟ್ರೆಕ್’ ಎಂಬ ವಿಚಿತ್ರ ಸರಣಿಯ ಬೆನ್ನಿಗೆ ನಿಂತಿತು. ಮೂರು ವರ್ಷ, 79 ಕಂತು, ನೋಡುವವರು ಸಾಲದೆ 1969ರಲ್ಲಿ ಬಾಗಿಲು ಹಾಕಿತು. ಕಥೆ ಮುಗಿಯಿತೆ? ಇಲ್ಲ! ಎಪ್ಪತ್ತರ ದಶಕದಲ್ಲಿ ಮರುಪ್ರಸಾರದಲ್ಲಿ, ದಿನಾ ಸಂಜೆ, ಯಾವ ಕ್ರಮದಲ್ಲಿ ಹಾಕಿದರೂ ಅರ್ಥವಾಗುವ ಆ ಬಿಡಿಕಂತುಗಳು ಹೊಸ ತಲೆಮಾರನ್ನೇ ಗೆದ್ದುಕೊಂಡವು. ಪ್ರತಿ ಕಂತೂ ತನ್ನಷ್ಟಕ್ಕೆ ಒಂದು ಲೋಕ, ಒಂದು ಗ್ರಹ, ಒಂದು ನೈತಿಕ ಪ್ರಶ್ನೆ. ಅವು ಒಂದಕ್ಕೊಂದು ಜೋತುಬಿದ್ದ ಧಾರಾವಾಹಿಯಾಗಿದ್ದರೆ ಸತ್ತ ಸರಣಿ ಹೀಗೆ ಎದ್ದು ಬರುತ್ತಿತ್ತೆ? ಮರುಪ್ರಸಾರದ ತಾಯಿಯೇ ಬೆನ್ನಿಗೆ ನಿಂತ ಸರಣಿಯನ್ನು ಮರುಪ್ರಸಾರವೇ ಬದುಕಿಸಿತು. ಈ ಎಳೆ ಕೈಗೆ ಸಿಕ್ಕ ದಿನ ನನಗೆ ನಿದ್ದೆ ಬರಲಿಲ್ಲ.

ಹರಿಯುವ ಕಥೆ ಆ ಕಾಲದಲ್ಲೂ ಇತ್ತು, ಹಗಲಿನಲ್ಲಿತ್ತು. ಸೋಪಿನ ಕಂಪನಿಗಳು ಗೃಹಿಣಿಯರಿಗಾಗಿ ಹಣ ಹಾಕಿದ ದೈನಿಕ ಧಾರಾವಾಹಿಗಳವು. ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೊದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ಓಡಿತು: 72 ವರ್ಷ! ಅಜ್ಜಿ ಹಿಡಿದ ಕಥೆಯನ್ನು ಮೊಮ್ಮಗಳು ಮುಗಿಸಬಹುದಾದಷ್ಟು ಕಾಲ. ವಿಮರ್ಶಕರು ಅದನ್ನು ಕೀಳಾಗಿ ಕಂಡರು. ಟಿವಿಯಲ್ಲಿ ಕಾಲ ಸರಿಯುವುದನ್ನು, ಜನ ಮುದುಕರಾಗುವುದನ್ನು ತೋರಿಸಿಕೊಟ್ಟದ್ದು ಅದೇ ಎಂಬುದು ನನ್ನ ತೀರ್ಪು. ರಾತ್ರಿಯ ಹೊತ್ತಿಗೆ ಆ ಹರಿವು ಜೋರಾಗಿ ನುಗ್ಗಿದ್ದು ‘ಡಲ್ಲಾಸ್’ನಿಂದ. 1980ರ ಮಾರ್ಚ್ 21ರಂದು ಅದರ ಖಳ ಜೆ.ಆರ್.ಗೆ ಯಾರೋ ಗುಂಡು ಹಾರಿಸಿದರು. ಯಾರೆಂದು ಗೊತ್ತಾದದ್ದು ನವೆಂಬರ್ 21ಕ್ಕೆ. ಎಂಟು ತಿಂಗಳು ಕಾದು ಕೂತವರು ಅಮೆರಿಕದಲ್ಲೇ ಎಂಟು ಕೋಟಿಗೂ ಮಿಕ್ಕಿ.

ಹಗಲಿನ ಈ ಬಗೆಯೇ ಸಮುದ್ರ ದಾಟಿ ನಮ್ಮ ದೇಶಕ್ಕೂ ಬಂತು, ಅದೂ ಹೆರಿಗೆಯ ಮಾತಿನೊಂದಿಗೇ! ಮೆಕ್ಸಿಕೊದ ಮಿಗೆಲ್ ಸಬಿಡೊ ಎಂಬ ನಿರ್ಮಾಪಕ 1977ರಲ್ಲಿ ‘ಅಕೊಂಪಾನ್ಯಾಮೆ’ ಎಂಬ ಧಾರಾವಾಹಿ ಮಾಡಿದ್ದ. ಅದರ ಗುರಿ ಕುಟುಂಬ ಯೋಜನೆ. ಭಾಷಣ ಕೇಳಿ ಜನ ಬದಲಾಗುವುದಿಲ್ಲ, ತಮ್ಮಂಥವಳೊಬ್ಬಳು ತಿಂಗಳುಗಟ್ಟಲೆ ಎಡವಿ ಎದ್ದು ಮೆಲ್ಲಗೆ ಬದಲಾಗುವುದನ್ನು ನೋಡಿದರೆ ಬದಲಾದಾರು ಎಂಬುದು ಆತನ ಲೆಕ್ಕ. ಬಿಡಿಕಂತಿನಲ್ಲಿ ಅದು ಸಾಧ್ಯವೇ ಇಲ್ಲ, ಯಾಕೆಂದರೆ ಅಲ್ಲಿ ಯಾರೂ ಬದಲಾಗುವಂತಿಲ್ಲ! ಆ ಮಾದರಿಯಿಂದ ಹುಟ್ಟಿದ್ದೇ ದೂರದರ್ಶನದ ‘ಹಮ್ ಲೋಗ್’. 1984ರ ಜುಲೈ 7ರಂದು ಶುರು. ಮನೋಹರ ಶ್ಯಾಮ ಜೋಶಿ ಬರೆದದ್ದು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಹಿರಿಯರಂತೆ ನಾಲ್ಕು ಮಾತಾಡುತ್ತಿದ್ದರು. ಉಪದೇಶ ಅತಿಯಾಯಿತೆನಿಸಿ ಮುಂದೆ ಅದನ್ನು ತಗ್ಗಿಸಿ, ಮನೆಯ ಕಥೆಯನ್ನೇ ಮುಂದೆ ಮಾಡಿದರು. ಅದರ ಬಡಕಿ ಎಂಬ ಪಾತ್ರದ ಮದುವೆಗೆ ದೇಶಕ್ಕೆ ದೇಶವೇ ಕಾದದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಇದರ ಬೆನ್ನಿಗೇ, 1986ರಲ್ಲಿ, ಆಗುಂಬೆಯ ಬೀದಿಗಳಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಮಾಡಿದರು. ಸ್ವಾಮಿ ಎಂಬ ಹುಡುಗನ ಕಥೆ ಕಂತಿನಿಂದ ಕಂತಿಗೆ ಹರಿಯಿತು, ಮಿಕ್ಕ ಎಷ್ಟೋ ಕಥೆಗಳು ಒಂದೊಂದು ಕಂತಿಗೇ ಮುಗಿದವು. ಎರಡೂ ಬಗೆ ಒಂದೇ ಊರಿನಲ್ಲಿ, ಒಬ್ಬನೇ ನಿರ್ದೇಶಕನ ಕೈಯಲ್ಲಿ!

ಇನ್ನು ವ್ಯಾಂಕೂವರ್‌ಗೆ ಹೋಗೋಣ. ನಿಜವಾದ ವಿಸ್ಮಯ ಅಲ್ಲಿದೆ.

1993ರ ಸೆಪ್ಟೆಂಬರ್ 10ರಂದು ಫಾಕ್ಸ್ ವಾಹಿನಿಯಲ್ಲಿ ‘ಎಕ್ಸ್-ಫೈಲ್ಸ್’ ಶುರುವಾಯಿತು. ಮೂಡಿಸಿದವರು ಕ್ರಿಸ್ ಕಾರ್ಟರ್. ಇಬ್ಬರು ಎಫ್‌ಬಿಐ ಅಧಿಕಾರಿಗಳು: ಎಲ್ಲವನ್ನೂ ನಂಬುವ ಮೋಲ್ಡರ್, ಪುರಾವೆ ಕೇಳುವ ವೈದ್ಯೆ ಸ್ಕಲ್ಲಿ. ಪ್ರತಿ ವಾರ ಒಂದು ಭೂತವೋ ವಿಕಾರವೋ ವಿಚಿತ್ರ ಸಾವೋ. ಎಪ್ಪತ್ತರ ದಶಕದ ‘ಕೋಲ್ಚಾಕ್’ ಎಂಬ ಸರಣಿ ಕಾರ್ಟರ್‌ಗೆ ಸ್ಫೂರ್ತಿ. ಅದರಲ್ಲೂ ವಾರಕ್ಕೊಂದು ಭೂತ. ಅನ್ಯಗ್ರಹದವರ ಎಳೆಯೊಂದು ಮೊದಲ ವರ್ಷವೇ ಅಲ್ಲಲ್ಲಿ ಇಣುಕುತ್ತಿತ್ತು ನಿಜ. ಆದರೆ ಸ್ಕಲ್ಲಿಯ ಮೈಗೆ ಯಾವುದೂ ತಾಗುತ್ತಿರಲಿಲ್ಲ. ವರದಿ ಬರೆದು ಕಡತ ಮುಚ್ಚಿದರೆ ಮುಗಿಯಿತು.

ಅಷ್ಟರಲ್ಲಿ ಗಿಲಿಯನ್ ಆಂಡರ್ಸನ್ ಬಸುರಿ ಎಂದು ಗೊತ್ತಾಯಿತು. ನಟಿಯನ್ನೇ ಬದಲಿಸೋಣ ಎಂಬ ಮಾತೂ ಎದ್ದಿತು. ನಮ್ಮ ದೈನಿಕ ಧಾರಾವಾಹಿಗಳಲ್ಲಿ ಪಾತ್ರಧಾರಿ ರಾತ್ರೋರಾತ್ರಿ ಬದಲಾಗುವುದನ್ನು ನಾವೇನು ಕಂಡಿಲ್ಲವೆ? ಕಾರ್ಟರ್ ಒಪ್ಪಲಿಲ್ಲ. ಇಲ್ಲಿ ಲೂಸಿಯ ದಾರಿ ಹಿಡಿಯುವಂತಿರಲಿಲ್ಲ: ಮದುವೆಯಿಲ್ಲದ, ಕೆಲಸದಲ್ಲೇ ಮುಳುಗಿದ ಸ್ಕಲ್ಲಿಗೆ ಬಸಿರನ್ನು ಬರೆಯಲಾಗದು. ಹಾಗಾದರೆ ಅಡಗಿಸಬೇಕು. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಎಕ್ಸ್-ಫೈಲ್ಸ್ ವಿಭಾಗವನ್ನೇ ಮುಚ್ಚಿಸಿ ಇಬ್ಬರನ್ನೂ ಬೇರೆ ಮಾಡಿದರು! ಸ್ಕಲ್ಲಿಯನ್ನು ಕ್ವಾಂಟಿಕೊದ ಎಫ್‌ಬಿಐ ಅಕಾಡೆಮಿಗೆ ಪಾಠ ಹೇಳಲು ಕಳಿಸಿದರು. ಎರಡನೆಯ ಸೀಸನ್ನಿನ ಮೊದಲ ಕಂತುಗಳನ್ನು ಈಗ ನೋಡಿ: ಆಕೆ ಮೇಜಿನ ಹಿಂದೆ ಕೂತಿರುತ್ತಾಳೆ, ದೊಗಲೆ ಕೋಟು ತೊಟ್ಟಿರುತ್ತಾಳೆ, ಕ್ಯಾಮೆರಾ ಮುಖದಿಂದ ಕೆಳಗಿಳಿಯಲು ಹಿಂಜರಿಯುತ್ತದೆ. ಗೊತ್ತಿದ್ದು ನೋಡಿದರೆ ಪ್ರತಿ ಚೌಕಟ್ಟಿನ ಅಂಚಿನಾಚೆಗೆ ಒಂದು ಮಗು ಬೆಳೆಯುತ್ತಿದೆ!

ಆದರೆ ಹೆರಿಗೆಯ ಹೊತ್ತಿಗೆ ನಟಿ ಸೆಟ್ಟಿನಲ್ಲೇ ಇರುವುದಿಲ್ಲವಲ್ಲ? ಅದಕ್ಕೇ ಸ್ಕಲ್ಲಿಯ ಅಪಹರಣ. 1994ರ ಅಕ್ಟೋಬರ್ 14ರಂದು ‘ಡ್ವೇನ್ ಬ್ಯಾರಿ’. ಅನ್ಯಗ್ರಹದವರು ತನ್ನನ್ನು ಒಯ್ದಿದ್ದರೆಂದು ಹೇಳಿಕೊಳ್ಳುವ ಮಾಜಿ ಎಫ್‌ಬಿಐ ಅಧಿಕಾರಿಯೊಬ್ಬ ಸ್ಕಲ್ಲಿಯ ಮನೆಗೆ ನುಗ್ಗುತ್ತಾನೆ. ಮುಂದಿನ ವಾರ ‘ಅಸೆನ್ಷನ್’. ಬೆಟ್ಟದ ತುದಿಯಲ್ಲಿ ಆಕೆ ಕಣ್ಮರೆ. ಅದೇ ಕಂತಿನಲ್ಲಿ ಕ್ಷಣಮಾತ್ರದ ಒಂದು ದೃಶ್ಯವಿದೆ: ಬಿಳಿ ಬೆಳಕಿನಲ್ಲಿ ಮಲಗಿಸಿದ ಸ್ಕಲ್ಲಿಯ ಮೇಲೆ ಯಾರೋ ಪ್ರಯೋಗ ನಡೆಸುತ್ತಿದ್ದಾರೆ, ಅವಳ ಹೊಟ್ಟೆ ಉಬ್ಬುತ್ತಿದೆ. ಆ ಹೊಟ್ಟೆ ಮೇಕಪ್ ಅಲ್ಲ. ನಿಜವಾದ ತುಂಬು ಬಸುರಿಯ ಹೊಟ್ಟೆ! ತಿಂಗಳುಗಟ್ಟಲೆ ಅಡಗಿಸಿಟ್ಟದ್ದನ್ನು ಎಲ್ಲರ ಕಣ್ಣೆದುರಿಗೇ ತೋರಿಸಿದರು, ಯಾರಿಗೂ ಅದು ಬಸಿರೆಂದು ಹೊಳೆಯದ ಹಾಗೆ.

ಮುಂದಿನ ಕಂತು ‘3’ರಲ್ಲಿ ಆಂಡರ್ಸನ್ ಇಲ್ಲವೇ ಇಲ್ಲ, ಮೋಲ್ಡರ್ ಆಕೆಯ ಶಿಲುಬೆಯ ಸರವನ್ನು ಕೊರಳಲ್ಲಿ ಧರಿಸಿ ಒಬ್ಬನೇ ಅಲೆಯುತ್ತಾನೆ. ನವೆಂಬರ್ 11ರ ‘ಒನ್ ಬ್ರೆತ್’ನಲ್ಲಿ ಸ್ಕಲ್ಲಿ ಆಸ್ಪತ್ರೆಯಲ್ಲಿ ಸಿಗುತ್ತಾಳೆ, ಕೋಮಾದಲ್ಲಿ. ಯಾಕೆ ಕೋಮಾ? ಸಿಸೇರಿಯನ್ ಆಗಿ ಸುಮಾರು ಹತ್ತು ದಿನಕ್ಕೆ ಕೆಲಸಕ್ಕೆ ಮರಳಿದ ಬಾಣಂತಿ ಮಲಗಿಕೊಂಡೇ ನಟಿಸಬೇಕಿತ್ತು! ಆ ನೋವಿನಲ್ಲಿ, ಕಣ್ಣು ಮುಚ್ಚಿ ಮಲಗಿ ಇಡೀ ಕಂತನ್ನು ಹೊತ್ತ ಆಕೆಗೆ ನನ್ನ ನಮಸ್ಕಾರ. ಕೊನೆಗೆ ಎಚ್ಚರವಾಗುತ್ತದೆ, ಮೋಲ್ಡರ್ ಸರವನ್ನು ಹಿಂತಿರುಗಿಸುತ್ತಾನೆ.

ಬಿಡಿಕಂತಿನ ನಿಯಮದಂತೆ ಇಲ್ಲಿಗೆ ಎಲ್ಲವೂ ಮೊದಲಿದ್ದಲ್ಲಿಗೆ ಮರಳಬೇಕಿತ್ತು. ಮರಳಲಿಲ್ಲ. ಮರಳಲು ಸಾಧ್ಯವಿರಲಿಲ್ಲ! ಕಳೆದುಹೋದ ಆ ದಿನಗಳಲ್ಲಿ ಅವಳಿಗೆ ಏನಾಯಿತು ಎಂಬ ಪ್ರಶ್ನೆ ಹುಟ್ಟಿಬಿಟ್ಟಿತ್ತು. ಮೂರನೆಯ ಸೀಸನ್ನಿನ ಆರಂಭದಲ್ಲಿ ಅವಳ ಕುತ್ತಿಗೆಯಲ್ಲಿ ಸಣ್ಣ ಲೋಹದ ಚೂರೊಂದು ಸಿಗುತ್ತದೆ. ಅದನ್ನು ತೆಗೆಸಿದ ಮೇಲೆ ನಾಲ್ಕನೆಯ ಸೀಸನ್ನಿನಲ್ಲಿ ಕ್ಯಾನ್ಸರ್. ಆಮೇಲೆ ತಿಳಿಯುತ್ತದೆ: ಅಪಹರಿಸಿದವರು ಅವಳ ಅಂಡಾಣುಗಳನ್ನೇ ಕದ್ದಿದ್ದಾರೆ, ಅವಳಿನ್ನು ತಾಯಿಯಾಗಲಾರಳು. ಒಂದು ಕ್ಷಣ ಇಲ್ಲಿ ನಿಲ್ಲಿ. ನಟಿ ತಾಯಿಯಾದದ್ದಕ್ಕಾಗಿಯೇ ಕಟ್ಟಿದ ಕಥೆ, ಪಾತ್ರದಿಂದ ತಾಯ್ತನವನ್ನು ಕಿತ್ತುಕೊಂಡಿತು! ಆ ಬಿಳಿ ಬೆಳಕಿನಲ್ಲಿ ಉಬ್ಬಿದ ಹೊಟ್ಟೆ ಒಬ್ಬಳಿಗೆ ಮಗು, ಇನ್ನೊಬ್ಬಳಿಗೆ ಬಂಜೆತನ. 2000ದ ಮೇ ತಿಂಗಳಲ್ಲಿ, ಏಳನೆಯ ಸೀಸನ್ನಿನ ಕೊನೆಯ ದೃಶ್ಯದಲ್ಲಿ, ತಾನು ಬಸುರಿ ಎಂದು ಸ್ಕಲ್ಲಿ ಹೇಳುವಾಗ ಆ ಮಾತಿಗೆ ಆರು ವರ್ಷದ ಭಾರವಿತ್ತು. ಯಾವ ಬರಹಗಾರನೂ ಮೊದಲೇ ಯೋಜಿಸಿದ ಭಾರವಲ್ಲ ಅದು. ಆಂಡರ್ಸನ್‌ರ ಮಗಳ ಹೆಸರು ಪೈಪರ್ ಮಾರು. ಮೂರನೆಯ ಸೀಸನ್ನಿನ ಒಂದು ಕಂತಿಗೆ ಅದೇ ಹೆಸರಿಟ್ಟರು.

ಇನ್ನೂ ಒಂದು ಚಮತ್ಕಾರ ಉಳಿದಿದೆ. 1997ರ ಜನವರಿ 26ರಂದು, ಸೂಪರ್ ಬೌಲ್ ಪಂದ್ಯ ಮುಗಿದ ಕೂಡಲೇ, ‘ಲೆನರ್ಡ್ ಬೆಟ್ಸ್’ ಎಂಬ ಕಂತು ಪ್ರಸಾರವಾಯಿತು. ಸುಮಾರು 2 ಕೋಟಿ 90 ಲಕ್ಷ ಜನ ನೋಡಿದರು. ಇಡೀ ಸರಣಿಯಲ್ಲೇ ಅತಿ ಹೆಚ್ಚು. ಆ ಜನರಲ್ಲಿ ಎಷ್ಟೋ ಮಂದಿ ಸರಣಿಯನ್ನು ಮೊದಲ ಬಾರಿಗೆ ನೋಡುವವರು, ಹಾಗಾಗಿ ಅಪ್ಪಟ ಬಿಡಿಕಂತು: ಕ್ಯಾನ್ಸರ್ ಗೆಡ್ಡೆಗಳನ್ನು ತಿಂದು ಬದುಕುವ ಒಬ್ಬ ವಿಚಿತ್ರ ಮನುಷ್ಯ. ಕೊನೆಯಲ್ಲಿ ಆತ ಸ್ಕಲ್ಲಿಯನ್ನು ಅಡ್ಡಗಟ್ಟಿ, ಕ್ಷಮೆ ಕೇಳುವ ದನಿಯಲ್ಲಿ, ನನಗೆ ಬೇಕಾದದ್ದು ನಿನ್ನಲ್ಲಿದೆ ಎನ್ನುತ್ತಾನೆ. ಅಷ್ಟೇ! ಹೊಸಬರಿಗೆ ಅದು ಒಂದು ನಡುಕ. ಮೊದಲಿನಿಂದ ನೋಡಿದವರಿಗೆ ಎದೆಗೆ ಬಿದ್ದ ಗುದ್ದು. ಒಂದೇ ವಾಕ್ಯದಲ್ಲಿ ಬಿಡಿಕಂತು ತನ್ನ ಕಥೆ ಮುಗಿಸಿತು, ಧಾರಾವಾಹಿ ತನ್ನದನ್ನು ಆರಂಭಿಸಿತು. ಈ ಎರಡು ಬಗೆಗಳನ್ನು ಶತ್ರುಗಳಂತೆ ಎದುರುಬದುರು ನಿಲ್ಲಿಸುವವರು ಈ ಒಂದು ಕಂತನ್ನು ನೋಡಬೇಕು.

ಅದನ್ನು ಬರೆದ ಮೂವರಲ್ಲಿ ಒಬ್ಬರು ವಿನ್ಸ್ ಗಿಲಿಗನ್. ಮರುವರ್ಷ ಅವರೇ ಬರೆದ ‘ಡ್ರೈವ್’ ಎಂಬ ಬಿಡಿಕಂತಿನಲ್ಲಿ ಬ್ರಯನ್ ಕ್ರ್ಯಾನ್‌ಸ್ಟನ್ ಎಂಬ ನಟ ಒಂದು ವಾರದ ಅತಿಥಿ. ಹತ್ತು ವರ್ಷ ಕಳೆದು 2008ರಲ್ಲಿ ಗಿಲಿಗನ್ ‘ಬ್ರೇಕಿಂಗ್ ಬ್ಯಾಡ್’ ಮಾಡಿದಾಗ, ಹಾಸ್ಯನಟನೆಂದು ಹೆಸರಾಗಿದ್ದ ಕ್ರ್ಯಾನ್‌ಸ್ಟನ್ ನಾಯಕನೇ ಎಂದು ವಾಹಿನಿಯವರು ಅನುಮಾನಿಸಿದರು. ಗಿಲಿಗನ್ ಆ ಹಳೆಯ ಕಂತನ್ನು ತೋರಿಸಿ ಒಪ್ಪಿಸಿದರು! ಮೇಷ್ಟ್ರೊಬ್ಬ ಪಾತಕಿಯಾಗುವ ಆ 62 ಕಂತುಗಳ ಅಖಂಡ ಧಾರಾವಾಹಿ ಒಂದು ಬಿಡಿಕಂತಿನ ಸಾಕ್ಷಿಯ ಮೇಲೆ ನಿಂತಿದೆ. ಅದರೊಳಗೂ, ಹಣ ಉಳಿಸಲೆಂದು, ಇಬ್ಬರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ಒಂದು ನೊಣದ ಬೆನ್ನು ಹತ್ತಿಸಿದ ‘ಫ್ಲೈ’ ಎಂಬ ಕಂತಿದೆ. ಅದನ್ನು ನಿರ್ದೇಶಿಸಿದ ರಯನ್ ಜಾನ್ಸನ್ 2023ರಲ್ಲಿ ‘ಪೋಕರ್ ಫೇಸ್’ ಎಂಬ ಸರಣಿ ತಂದರು: ಎಪ್ಪತ್ತರ ದಶಕದ ‘ಕೊಲಂಬೊ’ಗೆ ಕೈಮುಗಿದಂಥ, ವಾರಕ್ಕೊಂದು ಕೊಲೆ, ವಾರಕ್ಕೊಂದು ಊರಿನ ಬಿಡಿಕಂತು. 2013ರಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ 13 ಕಂತುಗಳನ್ನು ಒಂದೇ ದಿನ ಸುರಿದಾಗ ಬಿಡಿಕಂತಿನ ಕಾಲ ಮುಗಿಯಿತೆಂದು ಬಗೆದವರಿದ್ದರು. ಅದು ಮುಗಿದಿಲ್ಲ.

ಈ ವಾರಾಂತ್ಯ ಬಿಡುವಿದ್ದರೆ ಒಂದು ಕೆಲಸ ಮಾಡಿ. ‘ಎಕ್ಸ್-ಫೈಲ್ಸ್’ ಎರಡನೆಯ ಸೀಸನ್ನಿನ 5ರಿಂದ 8ರವರೆಗಿನ ಕಂತುಗಳನ್ನು ಕ್ರಮ ತಪ್ಪದೆ ನೋಡಿ, ಆಮೇಲೆ ನಾಲ್ಕನೆಯ ಸೀಸನ್ನಿನ ‘ಲೆನರ್ಡ್ ಬೆಟ್ಸ್’ ಹಾಕಿಕೊಳ್ಳಿ. ‘ಐ ಲವ್ ಲೂಸಿ’ಯನ್ನು ಮಾತ್ರ ನಿಮಗೆ ಬೇಕಾದ ಕಡೆಯಿಂದ ಶುರುಮಾಡಬಹುದು.